ಆ ಶ್ರಾವಣ ದೊಡ್ಡಪ್ಪ ಹಚ್ಚಿದ ಕಾದಂಬರಿ

ಹ್ವಾದ ವಾರ ಅಂಗಡೀಗೆ ಮಾಲು ತರಾಕ ಅಂತ ಬೈಲಹೊಂಗಲಕ್ಕ ಹೋಗಿದ್ದೆ. ಕಿತ್ತೂರಾಗ ನಂದೊಂದು ಔಷಧ ಅಂಗಡಿ ಐತಿ. ಬಸ್ಸಿಳದು ಬಜಾರದಾಗ ನಾಕು ಹೆಜ್ಜಿ ಇಟ್ಟಿಲ್ಲ, ಎದುರಿಗೇ ನಮ್ಮ ದೊಡ್ಡಪ್ಪನ ಮಾರಿ. ಬ್ಯಾನರಿನ್ಯಾಗ. ಮೂಗಿನ ತುದಿಗೆ ಕನ್ನಡಕ, ಮುಂದ ವ್ಯಾಸಪೀಠ, ಅದರ ಮ್ಯಾಲೆ ತೆರದಿಟ್ಟ ಪುಸ್ತಕ. ಕೆಳಗ ದಪ್ಪ ಅಕ್ಷರದಾಗ, ‘ಮನೆಯನ್ನೇ ಓದಿಸಿದ ಪುಸ್ತಕಪ್ರೇಮಿಗೆ ಸನ್ಮಾನ’ ಅಂತ. ತರಬೇಕಾದ ಮಾಲಿನ್ಯಾಗ ಅರ್ಧಾ ಮರತು ಹೊಳ್ಳಿ ಬಂದೆ.

ಸಂಜಿಮುಂದ ಫೋನೂ ಬಂತು. ಸನ್ಮಾನ ಇಟ್ಟುಕೊಂಡವರ ಪೈಕಿ ಒಬ್ಬಾಂವ, ದನಿ ಭಾಳ ನಯ.

“ಮೇಡಂ, ಮನೆತನದ ಓದಿನ ಬಗ್ಗೆ ನೀವೊಂದು ಐದು ನಿಮಿಷ ಮಾತಾಡಬೇಕ್ರಿ. ನಿಮ್ಮ ದೊಡ್ಡಪ್ಪಾರ ನಿಮ್ಮ ಹೆಸರು ಹೇಳ್ಯಾರ್ರಿ.”

“ಅವರು ನನ್ನ ಹೆಸರು ಹೇಳ್ಯಾರ?”

“ಹೌದ್ರಿ. ನಮ್ಮ ಮನ್ಯಾಗ ಓದಿನ ಹುಚ್ಚು ಹತ್ತಿದ್ದು ಆಕಿಗೇನ ಅಂದ್ರು.”

“ಐದು ನಿಮಿಷ ಸಾಲೂದಿಲ್ರೀ” ಅಂದು ಫೋನ್ ಇಟ್ಟೆ. ಏನು ಧೈರ್ಯ ನೋಡ್ರಿ ಆ ಮನಶಾಗ! ನಾ ಹೋಗಿ ಶಾಲು ಹೊದಿಸೂ ಮುಂದ ಚಪ್ಪಾಳಿ ತಟ್ಟಬೇಕಂತ. ಸಭಾದಾಗ ಎದ್ದು ನಿಂತು ಹೇಳಿದ್ರ ಅಪ್ಪನ ತಲಿ ತಗ್ಗತೈತಿ, ಅದಕ್ಕ ಹೋಗೂದಿಲ್ಲ. ಆದ್ರ ಹೇಳದ ಇದ್ರ ನಂಗ ನಿದ್ದಿ ಬರೂದಿಲ್ಲ. ಇಲ್ಲಿ ಹೇಳತೇನಿ.

ನಮ್ಮ ಕಡೆ ಶ್ರಾವಣ ಬಂತಂದ್ರ ಮಠದಾಗ, ಗುಡ್ಯಾಗ ಪುರಾಣ ಹಚ್ಚತಾರ. ದಿನಾ ಸಂಜಿಕ ಒಬ್ಬರು ಓದೂದು, ಉಳಿದವರು ಕೇಳೂದು, ಕಡೀ ದಿನ ಮಂಗಳ ಹಾಡಿ ಪ್ರಸಾದ ಹಂಚೂದು. ದೊಡ್ಡಪ್ಪ ಅದನ್ನ ಬೈಲಹೊಂಗಲದಾಗಿನ ನಮ್ಮ ಕೂಡು ಮನಿಗೆ ತಂದ, ಪುರಾಣದ ಜಾಗಾದಾಗ ಕಾದಂಬರಿ ಇಟ್ಟ. “ದೇವರ ಕಥಿ ಮಠದಾಗ ಕೇಳ್ರಿ, ಮಂದಿ ಕಥಿ ನಾ ಓದತೇನಿ” ಅಂತಿದ್ದ. ನೇಮ ಮಾತ್ರ ಎಲ್ಲಾ ಪುರಾಣದ್ದ. ದೀಪ ಹಚ್ಚಬೇಕು. ಪುಸ್ತಕ ವ್ಯಾಸಪೀಠದ ಮ್ಯಾಲೇನ ಇರಬೇಕು. ಓದಾಂವನ ಬಿಟ್ಟು ಇನ್ನೊಬ್ಬರು ಅದನ್ನ ಮುಟ್ಟಬಾರದು. ಅಧ್ಯಾಯ ಚಾಲೂ ಆದಮ್ಯಾಲೆ ನಡುವ ಯಾರೂ ಏಳಬಾರದು, ಎದ್ದರ ಮನಿಗೆ ಒಳ್ಳೇದಲ್ಲ. ಮಂಗಳ ಆದ ಮರುದಿನ ಪುಸ್ತಕ ಮನ್ಯಾಗ ಇಟ್ಟುಕೊಳ್ಳೂ ಹಂಗಿಲ್ಲ, ಗ್ರಂಥಾಲಯಕ್ಕ ತಿರುಗಿ ಕೊಟ್ಟ ಬಿಡಬೇಕು. ಒಮ್ಮೆ ಅಪ್ಪಗ ಕೆಮ್ಮು ಹತ್ತಿ ಕಣ್ಣಾಗ ನೀರು ಬಂದ್ರೂ ಏಳಲಾರದ ಕುಂತಿದ್ದ.

ಸಿಟ್ಟಿನಾಗ ಸುಳ್ಳು ಹೇಳಬಾರದು. ಓದೂದ್ರಾಗ ದೊಡ್ಡಪ್ಪನ್ನ ಮೀರಸಾವ್ರು ಬೈಲಹೊಂಗಲದಾಗ ಇರಲಿಲ್ಲ. ಮುದುಕಿ ಮಾತಾಡಿದ್ರ ಮುದುಕಿ ದನಿ, ಫೌಜದಾರ ಬಂದ್ರ ಫೌಜದಾರನ ದನಿ. ಕಥ್ಯಾಗ ಮಳಿ ಬಂದ್ರ ನಮ್ಮವ್ವ ಹಿತ್ತಲದಾಗ ಹಾಕಿದ ಅರವಿ ನೆನಪಾಗಿ ಚಡಪಡಿಸತಿದ್ಲು. ನಂಗ ಪುಸ್ತಕದ ರುಚಿ ಹಚ್ಚಿದಾಂವ ಅವನ, ಇಲ್ಲ ಅನ್ನೂದಿಲ್ಲ. ಅದಕ್ಕನ ನನ್ನ ಸಿಟ್ಟು ಇನ್ನೂ ಆರವಲ್ದು.

ಮನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಅಪ್ಪಗ ಪತ್ತೇದಾರಿ ಕಥಿ, ಖೂನು ಆಗದಿದ್ರ ಅದೆಂಥಾ ಪುಸ್ತಕ ಅಂತಿದ್ದ. ಅವ್ವಗ ಮಂದಿ ತುಂಬಿದ ಮನೆತನದ ಕಥಿ ಬೇಕು. ಯಾರು ಯಾರಿಗೆ ಏನಾಗಬೇಕು ಅನ್ನೂದನ್ನ ಬರದವರಿಗಿಂತ ಚಲೋ ನೆನಪಿಡತಿದ್ಲು. ಗಂಗತ್ತಿ, ಅಂದ್ರ ದೊಡ್ಡಪ್ಪಗೂ ನಮ್ಮಪ್ಪಗೂ ಒಬ್ಬಾಕೀನ ತಂಗಿ, ಆಕಿಗೆ ಒಬ್ಬಾಕೀನ ಲೇಖಕಿ. ಹೆಸರು ಬರಿಯೂದಿಲ್ಲ, ಪಾಪ, ನಮ್ಮ ಮನಿ ಜಗಳದಾಗ ಆಕೀನ್ಯಾಕ ಎಳೀಲಿ. ಅತ್ತಿ ಆಕಿಗೆ ‘ಅಕ್ಕಾರು’ ಅಂತಿದ್ಲು, ಸಾಲಿ ಕಲಿಸೂ ಬಾಯಾರಿಗೆ ಅಂದಂಗ. ಅಕ್ಕಾರು ಹಿಂಗ ಬರದಾರ, ಅಕ್ಕಾರು ಹಂಗಂದಾರ. ಅಕ್ಕಾರ ಕಥ್ಯಾಗ ಹೆಣ್ಮಗಳು ಮೆಂತೇದ ಪಲ್ಯ ಮಾಡಿದ್ರ ಮರುದಿನ ನಮ್ಮ ಮನ್ಯಾಗೂ ಮೆಂತೇದ ಪಲ್ಯ. ಅತ್ತೀನ್ನ ಮೂರನೇ ಇಯತ್ತೆಗೇ ಸಾಲಿ ಬಿಡಿಸಿದ್ರು, ಅಕ್ಷರ ಕೂಡಿಸಿ ಕೂಡಿಸಿ ಓದತಿದ್ಲು. ಅದಕ್ಕ ಆಕಿಗೆ ಅಕ್ಕಾರ ದನಿ ಅಂದ್ರ ದೊಡ್ಡಪ್ಪನ ದನೀನ ಆಗಿತ್ತು.

ಅತ್ತೀನ್ನ ಕೊಟ್ಟಿದ್ದು ರಾಮದುರ್ಗಕ್ಕ. ಗಂಡಂದು ಸೀರಿ ಮಗ್ಗ. ದೊಡ್ಡಪ್ಪನ ಅರವಿ ಅಂಗಡೀಗೆ ಸೀರಿ ಬರೂದೂ ಅಲ್ಲಿಂದನ. ಮಕ್ಕಳಾಗಲಿಲ್ಲ. ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ತವರಿಗೆ ಬರತಿದ್ಲು, ಉಂಡಿ ಕಟ್ಟೂದು, ಕಥಿ ಕೇಳೂದು, ಹೋಗೂದು. ಕೇಳಿದ್ದ ಒಂದು ಕಥೀನ ವರ್ಷತುಂಬ ಮೆಲಕು ಹಾಕತಿದ್ಲು.

ನಾ ಡಿಗ್ರಿ ಮೊದಲನೇ ವರ್ಷ ಇದ್ದಾಗಿನ ಪಂಚಮಿ ಅದು. ಆ ವರ್ಷ ಮಳಿ ಧೋ ಅಂತ ಒಂದ್ಸಲಾನೂ ಬೀಳಲಿಲ್ಲ. ಮುಂಜಾನಿಂದ ಸಂಜಿತನಕ ಬರೇ ಜಿಟಿಜಿಟಿ. ಓಣ್ಯಾಗ ಎರಿಮಣ್ಣು ಚಪ್ಪಲಿಗೆ ಅಂಟಿ ಕಾಲು ಎತ್ತೂದ ಕಷ್ಟ, ಕಟಗಿ ಹಸಿ ಆಗಿ ಅಡಗಿ ಮನಿ ತುಂಬ ಹೊಗಿ. ಪಂಚಮಿ ಮುಗದ್ರೂ ಅತ್ತಿ ಟ್ರಂಕು ಕಟ್ಟಲಿಲ್ಲ. ಒಂದಿನ ಹೆಸರಕಾಯಿ ಬಿಡಿಸಕೋತ ಕುಂತಾಗ ಅವ್ವನ ಮುಂದ ಅಂದ್ಲು:

“ವೈನಿ, ನಾ ಇನ್ನ ಹೋಗೂದಿಲ್ರಿ.”

“ಯಾಕವಾ, ಏನಾತು?”

“ಅಂವ ಮಗ್ಗಕ್ಕ ಹೋಗೂ ಮುಂದ ಹೊರಗಿಂದ ಕೀಲಿ ಹಾಕ್ಕೊಂಡು ಹೋಗತಾನ್ರಿ. ಮದಲ ಒಂದೊಂದ್ಸಲ ಹಾಕತಿದ್ದ, ಈಗ ದಿನಾ. ಹ್ವಾದ ಬ್ಯಾಸಗ್ಯಾಗ ಒಳಗ ಒಲಿ ಮುಂದ ಸೆರಗಿಗೆ ಬೆಂಕಿ ಹತ್ತಿತು. ನಾನ ನೀರು ಸುರವಿಕೊಂಡೆ. ಒದರಿದ್ರ ಕೇಳಿದವರು ಬಾಗಲಾ ತಗೀಬೇಕಲ್ಲ?”

ಅವ್ವ ಬುಟ್ಟಿ ಸರಿಸಿ ಆಕೀ ಕೈ ಹಿಡಕೊಂಡ್ಲು. ತೋಳಿನ ಮ್ಯಾಲಿನ ಸುಟ್ಟ ಗುರ್ತು ನಾವು ಅವತ್ತ ನೋಡಿದ್ದು. ನಂಗ ರಾಮದುರ್ಗಕ್ಕ ಹೋಗಿ ಆ ಭಾಡ್ಯಾನ ಕೊಳ್ಳಪಟ್ಟಿ ಹಿಡೀಬೇಕು ಅನಿಸಿತು.

ದೊಡ್ಡಪ್ಪ ಮಾತ್ರ ತಣ್ಣಗ ಇದ್ದ. ಒದರಲಿಲ್ಲ, ಬೈಲಿಲ್ಲ. “ಶ್ರಾವಣ ಮುಗೀಲಿ ಗಂಗವ್ವಾ. ಈ ಸಲ ನಿನಗಂತನ ನಿಮ್ಮ ಅಕ್ಕಾರ ಪುಸ್ತಕಾ ತಂದೇನಿ. ಮನಸ್ಸಿಟ್ಟು ಕೇಳು” ಅಂದ. ಅತ್ತಿ ಕಣ್ಣೊರಸಿಕೊಂಡು ನಕ್ಕಳು. ನಮಗೂ ಎದಿ ಹಗರಾತು. ಎಂಥಾ ಅಣ್ಣ ಅಂದಿವಿ.

ಆ ಕಾದಂಬರ್ಯಾಗ ವಿಮಲಾ ಅಂತ ಒಬ್ಬಾಕಿ. ಗಂಡನ ಮನಿ ಬಿಟ್ಟು, ಕೈಯಾಗೊಂದು ಚೀಲಾ ಹಿಡಕೊಂಡು ಬ್ಯಾರೆ ಊರಿಗೆ ಬರತಾಳ. ಹುಡುಗ್ಯಾರ ಹಾಸ್ಟೆಲ್‌ನ್ಯಾಗ ಅಡಗಿ ಕೆಲಸಕ್ಕ ನಿಲ್ಲತಾಳ. ದಿನಾ ಸಂಜಿಕ ದೀಪ ಹಚ್ಚಿದ್ರ ಸಾಕು, ಅತ್ತಿ ರೊಟ್ಟಿ ಬಡಿಯೂದು ಮುಗಿಸಿ, ಹಿಟ್ಟಿನ ಕೈ ತೊಳದೋ ಇಲ್ಲೋ, ಬಂದು ಮುಂದಿನ ಸಾಲಿನಾಗ ಕುಂದರತಿದ್ಲು. ಮುಂಜಾನೆ ಬಾವಿಕಟ್ಟಿಗೆ ಹೋದ್ರ ಓಣಿ ಹೆಂಗಸರಿಗೆ ವರದಿ. “ವಿಮಲಾಗ ಖೋಲಿ ಸಿಕ್ತವಾ. ಬಾಡಿಗಿ ಜಾಸ್ತಿ ಆತು ಅನಸತೈತಿ ನಂಗ.” ಅವರೂ ಖರೇ ಅಂತ ತಿಳದು, “ಪಾಪ, ನಮ್ಮ ಕಡೆ ಆಗಿದ್ರ ಕಮ್ಮಿಗೆ ಸಿಗತಿತ್ತು” ಅಂತಿದ್ರು. ಅತ್ತೀ ಮಾರಿ ಮ್ಯಾಲೆ ಕಳೆ ಬಂತು. ಒಂದಿನ ನನ್ನ ಬದೀಗೆ ಕರದು ಸಣ್ಣ ದನೀಲೆ ಕೇಳಿದ್ಲು, “ಸವದತ್ತ್ಯಾಗ ನನ್ನ ಗೆಳತಿ ಜ್ವಾಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡತಾಳ. ನನ್ನೂ ಕೂಡಿಸಿಕೊಳ್ಳತಾಳಂತ. ಬ್ಯಾರೆ ಖೋಲಿ ಮಾಡಿದ್ರ ಮಂದಿ ಏನಂದಾರು?”

“ಅಂದ್ರ ಅನ್ನಲಿ ಅತ್ತಿ” ಅಂದೆ.

“ಇರ, ಮದಲ ವಿಮಲಾಂದು ಏನಾಗತೈತಿ ನೋಡೂಣ.”

ನೋಡ್ರಿ, ಆಕಿ ಅಪ್ಪನ್ನ ಕೇಳಲಿಲ್ಲ, ಅವ್ವನ್ನ ಕೇಳಲಿಲ್ಲ. ಅಕ್ಕಾರು ಏನು ಹೇಳತಾರ ಅಂತ ಕುಂತ್ಲು. ಪಡಸಾಲಿ ಬಾಗಲದಾಗ ಚಪ್ಪಲಿ ಬಿಡಕೋತ ದೊಡ್ಡಪ್ಪ ಈ ಮಾತು ಕೇಳಿಸಿಕೊಂಡಿದ್ದ. ಕೆಮ್ಮಿ ಒಳಗ ಹೋದ.

ಮರುದಿನ ಸಂಜಿಕ ಕಥಿ ಮುಗೀತು. ಗಂಡ ಹುಡಿಕ್ಕೋತ ಹಾಸ್ಟೆಲ್‌ಗೆ ಬರತಾನ, ವಿಮಲಾ ಅವಂಗ ಚಹಾ ಮಾಡಿ ಕೊಡತಾಳ. ಅಷ್ಟೊತ್ತನಾ ಪುಸ್ತಕ ನೋಡಿ ಓದತಿದ್ದ ದೊಡ್ಡಪ್ಪ ಕನ್ನಡಕ ಏರಿಸಿಕೊಂಡ. ದನಿ ತಗ್ಗಿಸಿ, ಗಂಟಲಾ ತುಂಬಿದವರಂಗ ಓದಿದ. ವಿಮಲಾ ಅತ್ತಳು, ತಪ್ಪಾತು ಅಂದಳು, ಗಂಡನ ಹಿಂದ ಬಸ್ಸು ಹತ್ತಿದಳು, ಮನಿ ಹೊಸ್ತಿಲದಾಗ ನಿಂತಾಗ ಆಕಿಗೆ ಜಲ್ಮ ಸಾರ್ಥಕ ಅನಿಸಿತು. ಪುಸ್ತಕ ಮುಚ್ಚಿದ. ಮಂಗಳ ಹಾಡಿ ಸಕ್ಕರಿ ಕೊಬ್ಬರಿ ಹಂಚಿದ. ಅವ್ವ ಸೆರಗಿನ್ಯಾಗ ಮೂಗು ಒರಸಿಕೊಂಡ್ಲು.

ನಾ ಪುಸ್ತಕದ ಕಡೆ ನೋಡಾಕ ಹತ್ತಿದ್ದೆ. ಮುಚ್ಚೂ ಮುಂದ ಅವನ ಬಲಗೈ ಹೆಬ್ಬೆಟ್ಟಿನ ಕೆಳಗ ಇನ್ನೂ ಹಾಳಿ ಉಳದಿದ್ದುವು, ಒಂದು ಹಿಡಿ.

“ದೊಡ್ಡಪ್ಪ, ಇನ್ನೂ ಐತಲ್ರಿ?”

“ಅದೆಲ್ಲಾ ಜಾಹೀರಾತು. ಬ್ಯಾರೆ ಪುಸ್ತಕದ ಹೆಸರು” ಅಂದ. ನನ್ನ ಕಡೆ ನೋಡಲಿಲ್ಲ.

ಅತ್ತಿ ಅವತ್ತು ಸಕ್ಕರಿ ಬಾಯಾಗ ಹಾಕ್ಕೊಳ್ಳಲಿಲ್ಲ. ಮರುದಿನ ಮುಂಜಾನೆ ಟ್ರಂಕಿನಾಗ ಸೀರಿ ಮಡಚಿ ಇಡಾಕ ಹತ್ತಿದ್ಲು.

“ಅತ್ತಿ, ಇದೇನ?”

“ರಾಮದುರ್ಗಕ್ಕ ಹೇಳಿ ಕಳಸಂತ ಅಣ್ಣಗ ಅಂದೇನಿ. ಅಕ್ಕಾರ ಹಂಗ ಬರದಾರಂದ್ರ ನಾ ಏನು ದೊಡ್ಡಾಕಿ? ಅಷ್ಟು ಓದಿದವರಿಗೆ ಗೊತ್ತಿಲ್ಲದ್ದು ನಂಗ ಗೊತ್ತಿರತೈತೇನ? ವಿಮಲಾನ ಹೊಳ್ಳಿ ಹೋದ್ಲಲ್ಲ.”

ಅತ್ತಿ ಅಳಲಿಲ್ಲ. ಇಸ್ತ್ರಿ ಆದಂಗ ಸೀರಿ ಒತ್ತಿ ಒತ್ತಿ ಇಡತಿದ್ಲು. ನಂಗ ಕಾಲೇಜಿನಾಗ ಒಂದು ಅಕ್ಷರ ತಲಿಗೆ ಹೋಗಲಿಲ್ಲ. ಬಿಟ್ಟ ಕೂಡಲೆ ಗ್ರಂಥಾಲಯಕ್ಕ ಹೋದೆ. ದೊಡ್ಡಪ್ಪ ಮುಂಜಾನೇನ ತಿರುಗಿ ಕೊಟ್ಟ ಹೋಗಿದ್ದ. ಮಂಗಳಾದ ಮರುದಿನ ಪುಸ್ತಕ ಮನ್ಯಾಗ ಇರಬಾರದು ಅನ್ನೂ ನೇಮ ಯಾಕಿತ್ತು ಅನ್ನೂದು ಅವತ್ತು ಬಗೀಹರೀತು. ನನ್ನ ಹೆಸರಿನ ಮ್ಯಾಲೆ ಅದನ್ನ ಇಸಗೊಂಡು, ಅಲ್ಲೇ ಕಿಡಕಿ ಬಾಜೂಕ ನಿಂತು, ಚಹಾ ಕೊಟ್ಟ ಜಾಗಾ ಹುಡುಕಿದೆ. ಅದು ಕಡೇ ಅಧ್ಯಾಯದ ಹಿಂದಿನ ಅಧ್ಯಾಯ! ಇನ್ನೊಂದು ಪೂರ್ತಿ ಉಳದಿತ್ತು. ವಿಮಲಾ ಚಹಾ ಕೊಟ್ಟಿದ್ದು ಖರೆ. ಅತ್ತಿಲ್ಲ, ತಪ್ಪಾತು ಅಂದಿಲ್ಲ, ಬಸ್ಸು ಹತ್ತಿಲ್ಲ. ಗಂಡನ್ನ ಗೇಟಿನ ತನಕ ಕಳಿಸಿ ಬಂದು, ಸಂಜಿ ಅಡಗಿಗೆ ಅಕ್ಕಿ ಆರಿಸಾಕ ಕುಂತಾಳ.

ಥೂ! ಮಂದಿ ರೊಕ್ಕಾ ಕದೀತಾರ, ಬಂಗಾರ ಕದೀತಾರ, ಇಂವ ಕಥಿ ಕದ್ದಿದ್ದ. ಅದೂ ಸಲೀಸು ಓದಾಕ ಬರದ ತಂಗೀದು.

ಮನಿಗೆ ಓಡಿ ಬಂದು ಅತ್ತೀ ಮುಂದ ಪುಸ್ತಕ ತೆರದಿಟ್ಟೆ. ಆಕಿ ಹಿಂದ ಸರದ್ಲು. “ಮುಟ್ಟಬಾರದವಾ ಅದನ್ನ.”

“ಮಂಗಳ ಆಗೇತಲ್ಲ, ಮುಟ್ಟು.”

“ಇದು ಬ್ಯಾರೆ ಪುಸ್ತಕ ಇರಬೇಕು. ಅಣ್ಣ ಹಂಗ ಮಾಡೂದಿಲ್ಲ.”

ನಾ ಚಹಾ ಕೊಟ್ಟ ಹಾಳಿ ತಗದು ತೋರಿಸಿದೆ. ಆಕಿ ಬಾಗಿ, ಬಟ್ಟು ಇಟ್ಟು, ಒಂದು ಸಾಲು ಕೂಡಿಸಿದ್ಲು. ಇನ್ನೊಂದು. ಆಮ್ಯಾಲೆ, “ಇಲ್ಲೇ ಇಟ್ಟು ಹೋಗು” ಅಂದ್ಲು. ಅವತ್ತು ನಮ್ಮ ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳಲಿಲ್ಲ. ಅವ್ವ ಅನ್ನಾ ಮಾಡಿ ಬಡಿಸಿದ್ಲು. ಯಾಕಂತ ದೊಡ್ಡಪ್ಪ ಕೇಳಿದ್ರ, “ಗಂಗವ್ವಗ ಮೈಯಾಗ ಆರಾಮಿಲ್ಲ” ಅಂತ ನಾನ ಹೇಳಿದೆ.

ಶ್ರಾವಣದ ಕಡೀ ಸೋಮವಾರ ರಾಮದುರ್ಗದವ್ರು ಬಂದ್ರು, ಅತ್ತೀ ಗಂಡ, ಅವನ ಅಣ್ಣ. ಬಾಗಲದಾಗ ಗಾಡಿ ನಿಂತಿತು. ಪಡಸಾಲ್ಯಾಗ ಜಮಖಾನೆ ಹಾಸಿ, ದೊಡ್ಡಪ್ಪ “ಬರ್ರಿ, ಕುಂದರ್ರಿ” ಅಂತ ಉಪಚಾರ ಮಾಡಿದ್ದ ಮಾಡಿದ್ದು. ಸೀರಿ ಮಾತು, ಮಳಿ ಮಾತು, ಎಲ್ಲಾ ಬಂತು. ಕೀಲಿ ಮಾತು ಬರಲಿಲ್ಲ. ಗಂಡ ಅನ್ನಿಸಿಕೊಂಡಾಂವ ಮೊಬೈಲ್ ನೋಡಕೋತ ಕುಂತಿದ್ದ. ಅವನ ಅಣ್ಣ, “ಹೊತ್ತ ಮುಣುಗೂದ್ರಾಗ ಊರು ಮುಟ್ಟಬೇಕ್ರಿ, ಲಗೂನ ಕಳಸ್ರಿ” ಅಂದ.

ಅತ್ತಿ ಒಳಗಿಂದ ಬಂದ್ಲು. ಕೈಯಾಗ ಟ್ರಂಕು ಇರಲಿಲ್ಲ, ವ್ಯಾಸಪೀಠ ಇತ್ತು. ನಡುವ ಇಟ್ಲು. ದೀಪ ಹಚ್ಚಿದ್ಲು. ಸೆರಗಿನ ಒಳಗಿಂದ ಪುಸ್ತಕ ತಗದು ಅದರ ಮ್ಯಾಲೆ ಇಟ್ಲು.

“ಇದೇನ ಗಂಗವ್ವಾ ಈಗ? ಮಂಗಳ ಆಗೇತಿ” ಅಂದ ದೊಡ್ಡಪ್ಪ.

“ಒಂದು ಅಧ್ಯಾಯ ಉಳದೈತಿ ಅಣ್ಣಾ. ಅರ್ಧಕ್ಕ ಬಿಟ್ರ ಮನಿಗೆ ಒಳ್ಳೇದಲ್ಲ ಅಂತ ನೀನ ಹೇಳತಿ.”

ಚಾಲೂ ಮಾಡಿದ್ಲು. ಅಯ್ಯ, ಆ ಓದು! ಒಂದೊಂದು ಅಕ್ಷರಾ ಬಟ್ಟಿನಿಂದ ಹಿಡದು, ಒತ್ತಕ್ಷರ ಬಂದಲ್ಲಿ ತಡದು, ತಪ್ಪಿದ್ರ ಹಿಂದ ಬಂದು ಮತ್ತ ಓದಿ. ಮುದುಕಿ ದನಿ ಇಲ್ಲ, ಫೌಜದಾರನ ದನಿ ಇಲ್ಲ. ಬರೇ ಆಕೀ ದನಿ, ಒಣಗಿದ ಗಂಟಲದ್ದು. ಚಹಾ ಬಂತು. ಯಾರೂ ಕಪ್ಪು ಎತ್ತಲಿಲ್ಲ. ಗಂಡನ ಅಣ್ಣಗ ತಡಕೊಳ್ಳಾಕ ಆಗಲಿಲ್ಲ, ಮೊಣಕಾಲ ಮ್ಯಾಲೆ ಕೈ ಊರಿ ಏಳಾಕ ಹ್ವಾದ.

“ಕುಂದರ್ರಿ” ಅಂದ್ಲು ನಮ್ಮವ್ವ. ಗಂಡಸರ ಮುಂದ ಎಂದೂ ದನಿ ಏರಿಸದಾಕಿ. “ನಮ್ಮ ಮನ್ಯಾಗ ಓದು ನಡದಾಗ ಯಾರೂ ಏಳೂದಿಲ್ರಿ. ಕೇಳ್ರಿ ಬೇಕಾದ್ರ ಇವರನ್ನ.” ದೊಡ್ಡಪ್ಪನ ಕಡೆ ಕೈ ತೋರಿಸಿದ್ಲು. ಗಂಡನ ಅಣ್ಣ ಹೊಳ್ಳಿ ಕುಂತ.

ವಿಮಲಾ ಗೇಟಿನ ತನಕ ಹೋಗೂದನ್ನ ಅತ್ತಿ ಓದಿದ್ಲು. ಹೊಳ್ಳಿ ಬರೂದನ್ನ ಓದಿದ್ಲು. ಅಕ್ಕಿ ಆರಿಸೂದನ್ನ ಓದಿದ್ಲು. ‘ಮುಗಿಯಿತು’ ಅಂತ ಕೆಳಗ ಅಚ್ಚಾಗಿತ್ತಲ್ಲ, ಅದನ್ನೂ ಬಿಡದ ಓದಿದ್ಲು. ಕಿಡಕ್ಯಾಗಿನ ಬೆಳಕು ಅಷ್ಟೊತ್ತಿಗೆ ಮಬ್ಬಾಗಿತ್ತು. ಪುಸ್ತಕ ಮುಚ್ಚಿ, ಗಂಡನ ಮಾರಿ ನೋಡಿ ಅಂದ್ಲು: “ಆ ಕೀಲಿ ನೀವ ಇಟ್ಟುಕೊಳ್ರಿ. ನಾ ಬರೂದಿಲ್ಲ.”

ಒದರಾಟ ಆತು. ಓದಿಸಿ ಕೆಡಿಸೀರಿ ಅಂತ ನಮಗ ಬೈದ್ರು, ಇನ್ನ ನಿಮ್ಮ ಅಂಗಡೀಗೆ ಒಂದು ಸೀರಿ ಬರೂದಿಲ್ಲ ಅಂತ ದೊಡ್ಡಪ್ಪಗ ಬೈದ್ರು. ನಮ್ಮಪ್ಪ ಎದ್ದು ಬಾಗಲಾ ಪೂರ್ತಿ ತೆರದು ನಿಂತ. ಗಾಡಿ ಎರಿಮಣ್ಣಾಗ ಒದ್ದಾಡಿ ಹೋತು.

ದೊಡ್ಡಪ್ಪಗ ಆಗ ದನಿ ಬಂತು. “ಮನಿ ಮರ್ಯಾದಿ ಉಳೀಲಿ ಅಂತ ಮಾಡಿದ್ನಿ. ಕಥಿ ಅಂದಮ್ಯಾಲೆ ಒಂದೀಟು ಹೆಚ್ಚುಕಮ್ಮಿ ಆಗತೈತಿ. ಅದಕ್ಕ ಇಷ್ಟು ರಂಪ ಮಾಡಬೇಕ?”

ನಾ ಬಾಯಿ ತಗದಿದ್ದೆ, ಅತ್ತಿ ನನ್ನ ಕೈ ಹಿಡದು ನಿಲ್ಲಿಸಿದ್ಲು.

“ಅಣ್ಣಾ, ಒಂದು ಕೇಳತೇನಿ. ನನ್ನ ಲಗ್ನದ ಮುಂಚಿನ ಶ್ರಾವಣದಾಗ ಅಕ್ಕಾರದ್ದ ಒಂದು ಓದಿದ್ದಿ. ಅದರಾಗ ಸುಮಿತ್ರಾ ಅಂತ ಹುಡುಗಿ. ಅಪ್ಪ ನೋಡಿದ ವರ ಬ್ಯಾಡಂತ ಹಟಾ ಹಿಡದಿರತಾಳ. ಕಡೀಕ ಹೂಂ ಅಂದು ಲಗ್ನದ ಅಕ್ಕಿಕಾಳಿಗೆ ನಿಂತ್ಲು, ಸುಖದಾಗ ಇದ್ಲು ಅಂತ ಓದಿದಿ. ನೆನಪೈತಿ?”

ದೊಡ್ಡಪ್ಪ ಕನ್ನಡಕ ತಗದು ಧೋತರದ ಚುಂಗಿಗೆ ಒರಸಾಕ ಹತ್ತಿದ.

“ಅಲ್ಲೀತನಾ ನಾ ರಾಮದುರ್ಗ ಬ್ಯಾಡ ಬ್ಯಾಡ ಅಂತಿದ್ದೆ. ಮರುದಿನ ಬಂದು ನಿನ್ನ ಮುಂದ ನಿಂತು, ‘ಆತು, ಅವರಿಗೆ ಹೂಂ ಅಂತ ಹೇಳು’ ಅಂದೆ.”

ಇದು ನಮ್ಮೊಳಗ ಯಾರಿಗೂ ಗೊತ್ತಿರಲಿಲ್ಲ. ಬಾಗಲದಾಗಿದ್ದ ಅಪ್ಪ ಬಂದು ಗ್ವಾಡಿಗೆ ಆತು ಕುಂತ.

“ಸುಮಿತ್ರಾ ಹೂಂ ಅಂದಿದ್ಲೇನ ಅಣ್ಣಾ?”

ದೊಡ್ಡಪ್ಪ ಕನ್ನಡಕ ಹಾಕ್ಕೊಂಡ. ಮತ್ತ ತಗದ. “ಗಂಗವ್ವಾ, ಆಗಿನ ಪರಿಸ್ಥಿತಿ…” ಅಂತ ಚಾಲೂ ಮಾಡಿದ.

“ಬ್ಯಾಡ” ಅಂದ್ಲು ಅತ್ತಿ. “ನಿನ್ನ ಬಾಯಿಂದ ಬ್ಯಾಡ.”

ನನ್ನ ಕಡೆ ಹೊಳ್ಳಿದ್ಲು. “ನಾಳೆ ಆ ಪುಸ್ತಕಾ ಹುಡುಕಿ ತಗೊಂಬಾ. ಎಷ್ಟು ದಿನ ಹಿಡದ್ರೂ ಹಿಡೀಲಿ, ನಾನ ಓದತೇನಿ.”